ಹಳೆಯ ಮ್ಯಾಸ್ಸಿ 135ರ ಲೋಡರ್ ಬಿಸಿಯಾದಾಗ ನಿಧಾನವಾಗುವುದೇಕೆ?

ನಿಮ್ಮ ಮ್ಯಾಸ್ಸಿ ಫರ್ಗ್ಯೂಸನ್ 135 ಟ್ರಾಕ್ಟರಿನ ಮುಂಭಾಗದ ಲೋಡರ್ (ಬಕೆಟ್ಟನ್ನು ಎತ್ತುವ ತೋಳು) ಬೆಳಗ್ಗೆ ಚೆನ್ನಾಗಿಯೇ ಏಳುತ್ತದೆ, ಒಂದು ಗಂಟೆ ಗೊಬ್ಬರ ತುಂಬಿದ ಮೇಲೆ ತೆವಳತೊಡಗುತ್ತದೆ ಎಂದು ಬರೆದಿದ್ದೀರಿ. ಈ ವಿವರವೇ ಅರ್ಧ ಉತ್ತರ. ಲೋಡರನ್ನು ಎತ್ತುವುದು ಪಂಪು ಸಿಲಿಂಡರ್‌ಗಳಿಗೆ ತಳ್ಳುವ ಎಣ್ಣೆ. ಆ ಎಣ್ಣೆ ಅತಿ ಮಂದವಾಗಿದ್ದರೆ ತೊಂದರೆ ತಣ್ಣಗಿರುವಾಗಲೇ ಹೆಚ್ಚು. ಬಿಸಿಯಾದ ಮೇಲೆ ನಿಧಾನವಾಗುವುದೆಂದರೆ, ತೆಳುವಾದ ಎಣ್ಣೆಯು ಸವೆದ ಪಂಪಿನೊಳಗೋ, ಸರಿಯಾಗಿ ಕೂರದ ರಿಲೀಫ್ ವಾಲ್ವಿನ (ಒತ್ತಡ ಮಿತಿಮೀರಿದಾಗ ಎಣ್ಣೆಯನ್ನು ಹಿಂದಕ್ಕೆ ಬಿಡುವ ಕವಾಟದ) ಮೂಲಕವೋ ಹಿಂದಕ್ಕೆ ಸೋರುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ರಿಲೀಫ್ ವಾಲ್ವನ್ನು ಬಿಗಿಗೊಳಿಸುವ ಆಸೆಯನ್ನು ಮಾತ್ರ ದಯವಿಟ್ಟು ಬಿಡಿ. ಅದು ಒತ್ತಡದ ಮಿತಿಯನ್ನು ಏರಿಸುತ್ತದೆಯೇ ಹೊರತು ವೇಗವನ್ನಲ್ಲ. ವೇಗ ಬರುವುದು ನಿಮಿಷಕ್ಕೆ ಹರಿಯುವ ಎಣ್ಣೆಯ ಪ್ರಮಾಣದಿಂದ. 50 ಮಿ.ಮೀ. ಒಳವ್ಯಾಸದ, 600 ಮಿ.ಮೀ. ಚಲನೆಯ ಎರಡು ಸಿಲಿಂಡರ್‌ಗಳಿಗೆ ಸುಮಾರು 2.4 ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 15 ಲೀಟರ್ ಹರಿದರೂ ಪೂರ್ತಿ ಏಳಲು ಹತ್ತಿರ ಹತ್ತಿರ 10 ಸೆಕೆಂಡ್ ಹಿಡಿಯುತ್ತದೆ. ನಿಮ್ಮ ಸಿಲಿಂಡರ್‌ಗಳನ್ನು ಅಳೆದು ಇದೇ ಲೆಕ್ಕ ಹಾಕಿ, ತಣ್ಣಗಿರುವಾಗಲೂ ಬಿಸಿಯಾದಾಗಲೂ ಗಡಿಯಾರ ಹಿಡಿದು ಹೋಲಿಸಿ.

ಈ ಟ್ರಾಕ್ಟರಿನ ಮೂಲ ಪಂಪು ಹಿಂಬದಿಯ ಪೆಟ್ಟಿಗೆಯ ಎಣ್ಣೆಯಲ್ಲೇ ಮುಳುಗಿದ್ದು, ಪಿಟಿಓ ಶಾಫ್ಟಿನಿಂದ (ಎಂಜಿನ್ನಿನ ಶಕ್ತಿಯನ್ನು ಹಿಂಬದಿಯ ಉಪಕರಣಗಳಿಗೆ ಒಯ್ಯುವ ದಂಡದಿಂದ) ತಿರುಗುತ್ತದೆ. ಅದನ್ನು ಮಾಡಿದ್ದು ನೇಗಿಲೆತ್ತಲು. ಆದ್ದರಿಂದ ಎಣ್ಣೆಯ ಮಟ್ಟವನ್ನೂ ಸೋಸುಕವನ್ನೂ ನೋಡಿದ ಮೇಲೂ ಸುಧಾರಿಸದಿದ್ದರೆ, ಆ ಪಂಪನ್ನು ಬಿಚ್ಚುವ ಖರ್ಚಿಗಿಂತ, ಎಂಜಿನ್ನಿನ ಮುಂಭಾಗದಿಂದ ತಿರುಗುವ ಪ್ರತ್ಯೇಕ ಗೇರ್ ಪಂಪನ್ನು ಲೋಡರಿಗೆ ಜೋಡಿಸುವುದೇ ಮೇಲೆಂದು ನನಗನ್ನಿಸುತ್ತದೆ. ಯಾವ ಪೈಪನ್ನು ಸಡಿಲಿಸುವ ಮೊದಲೂ ಬಕೆಟ್ಟು ನೆಲದ ಮೇಲಿರಲಿ.