ಕಾಲೇಜಿನ ಬರವಣಿಗೆ ಪಾಠವನ್ನು ವಸ್ತಿಯ ಜನರ ಜೊತೆ ಸೇರಿ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನ್ನಿಸಿತು. ಪುಣೆಯ ಕಾಲೇಜಿಗೆ ಹೊಸದಾಗಿ ಸೇರಿದ್ದೀರಿ, ಬರವಣಿಗೆ ಮತ್ತು ವಾದ ಮಂಡನೆಯ ಪೇಪರ್ ಕೊಟ್ಟಿದ್ದಾರೆ, ಅದನ್ನು ಸಮುದಾಯದ ಕೆಲಸಕ್ಕೆ ಜೋಡಿಸಿ ಅಂತ ಹೇಳಿದ್ದಾರೆ, ಆದರೆ ಅದು ವಸ್ತಿಗೆ, ಅಂದರೆ ಬಡ ಕೂಲಿಕಾರರು ಇರುವ ಕೇರಿಗೆ, ಹೋಗಿ ಫೋಟೋ ತೆಗೆಸಿಕೊಂಡು ಬರುವ ಕಾರ್ಯಕ್ರಮ ಆಗಿಬಿಟ್ಟರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಧಾರವಾಡದ ಕಡೆಯವಳು. ಪುಣೆಯಲ್ಲಿ ಕೆಲವು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ನಿಮ್ಮ ಭಯ ಸರಿಯಾಗಿಯೇ ಇದೆ, ಅದನ್ನು ಬಿಡಬೇಡಿ.

ನನ್ನ ಉತ್ತರ ಚಿಕ್ಕದು. ವಿದ್ಯಾರ್ಥಿಗಳು ಬರೆದದ್ದನ್ನು, ಅದು ಯಾರ ಹೆಸರಲ್ಲಿ ಹೋಗುತ್ತದೋ ಅವರ ಎದುರು ಕೂತು, ಅವರ ಭಾಷೆಯಲ್ಲಿ ಓದಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನುವ ತನಕ ಬರೆದದ್ದು ಮುಗಿದಿಲ್ಲ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. 40 ಮಕ್ಕಳನ್ನು ಕಟ್ಟಿಕೊಂಡು ಒಂದು ವಸ್ತಿಗೆ ಹೋದೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಜಾಸ್ತಿ ಇರುವ ಜಾಗ. ಮಕ್ಕಳ ಕೈಯಲ್ಲಿ ನಾನೇ ಮಾಡಿಕೊಟ್ಟ ಪ್ರಶ್ನೆಗಳ ಪಟ್ಟಿ. ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಸಂಪಾದನೆ, ಮನೆಯಲ್ಲಿ ಕುಡಿಯುವವರು ಇದ್ದಾರಾ, ಹೀಗೆ. ಒಬ್ಬ ಹಿರಿಯ ಹೆಂಗಸು ರೊಟ್ಟಿ ಬಡಿಯುತ್ತಲೇ ಹೇಳಿದರು, "ಹೋದ ವರ್ಷಾನೂ ಬಂದಿದ್ರು, ಬರಕೊಂಡು ಹೋದ್ರು. ಏನು ಬರಕೊಂಡ್ರೋ ನಮಗ ಗೊತ್ತಿಲ್ಲ." ಮಕ್ಕಳ ವರದಿಗಳು ಚೆನ್ನಾಗಿದ್ದವು, ಒಳ್ಳೆಯ ಮಾರ್ಕ್ಸ್ ಕೊಟ್ಟೆ. ಆದರೆ ಅವನ್ನು ಓದಿದವಳು ನಾನೊಬ್ಬಳೇ. ಅಲ್ಲಿಗೆ ನಮ್ಮದೂ ಹೋದ ವರ್ಷದವರ ಸಾಲಿಗೆ ಸೇರಿತು.

ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದ ಬರವಣಿಗೆ ಕೋರ್ಸ್ ಸಾಮಾನ್ಯವಾಗಿ ಕಡ್ಡಾಯ. 1990ರ ದಶಕದಲ್ಲಿ ಅಲ್ಲಿನ ಬಹಳ ಅಧ್ಯಾಪಕರು ಅದನ್ನು ಸುತ್ತಲಿನ ಊರಿನ ಕೆಲಸಕ್ಕೆ ಜೋಡಿಸಿದರು. ಥಾಮಸ್ ಡೀನ್ಸ್ ಅನ್ನುವ ಅಲ್ಲಿನ ಅಧ್ಯಾಪಕರು ಇದರಲ್ಲಿ ಮೂರು ಬಗೆ ಗುರುತಿಸಿದ್ದಾರೆ. ಜನರಿಗಾಗಿ ಬರೆಯುವುದು, ಜನರ ಬಗ್ಗೆ ಬರೆಯುವುದು, ಜನರ ಜೊತೆ ಬರೆಯುವುದು. ನನ್ನದು ಸುಮ್ನೆ ಅವರ "ಬಗ್ಗೆ" ಬರೆದ ಬರವಣಿಗೆ ಆಗಿತ್ತು. ಅದರಿಂದ ಕೆಡುಕೇ ಆಗುತ್ತದೆ ಅಂತಲ್ಲ, ಆದರೆ ಮೊದಲ ಹೆಜ್ಜೆ ಅದಾಗಬಾರದು.

ಮರುವರ್ಷ ಒಬ್ಬಳೇ ಹೋದೆ. ಪಟ್ಟಿ ಒಯ್ಯಲಿಲ್ಲ. "ನಿಮಗೆ ಏನಾದರೂ ಬರೆಸುವುದು ಇದೆಯಾ?" ಅಂತ ಮಾತ್ರ ಕೇಳಿದೆ. ಬೇಕಾದಷ್ಟಿತ್ತು. ಊರಿನ ರೇಷನ್ ಕಾರ್ಡಿನ ಮೇಲೆ ಪುಣೆಯಲ್ಲಿ ಧಾನ್ಯ ಸಿಗುತ್ತದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿರಲಿಲ್ಲ, ಅದನ್ನು ತಿಳಿಸುವ ಒಂದು ಕನ್ನಡ ಚೀಟಿ ಬೇಕಿತ್ತು. ನಳ ಇತ್ತು, ನೀರಿರಲಿಲ್ಲ, ಅದಕ್ಕೊಂದು ಅರ್ಜಿ ಬೇಕಿತ್ತು.

ಆ ನೀರಿನ ಅರ್ಜಿ ಒಂದು ಸೆಮಿಸ್ಟರಿನ ಪಾಠ ಮಾಡಿತು. ಕನ್ನಡ ಬಲ್ಲ ಒಬ್ಬ ಹುಡುಗ, ಮರಾಠಿ ಮನೆಮಾತಿನ ಒಬ್ಬ ಹುಡುಗಿ, ಇಬ್ಬರನ್ನು ಜೋಡಿ ಮಾಡಿದ್ದೆ. ಅವರ ಮೊದಲ ಕರಡಿನಲ್ಲಿ ನಾವು ಬಡವರು, ಅನಕ್ಷರಸ್ಥರು, ದಯವಿಟ್ಟು ನಮ್ಮ ಮೇಲೆ ಕರುಣೆ ತೋರಿಸಿ ಅಂತೆಲ್ಲ ಇತ್ತು. ಹುಡುಗ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಆ ರೊಟ್ಟಿ ಬಡಿಯುತ್ತಿದ್ದ ಅಮ್ಮನೇ ಕೂತಿದ್ದರು. ಅರ್ಧಕ್ಕೇ ತಡೆದರು. "ನಾವೇನು ಭಿಕ್ಷಾ ಬೇಡ್ಲಾಕತ್ತೀವೇನೋ ತಮ್ಮಾ? ನಳ ಹಾಕಿ ಎರಡು ವರ್ಷ ಆತು, ನೀರು ಬಂದಿಲ್ಲ. ಅಷ್ಟ ಬರಿ."

ಅರಿಸ್ಟಾಟಲನ ಎಥೋಸ್, ಪಾಥೋಸ್, ಲೋಗೋಸ್ ನೀವೂ ಪಾಠ ಮಾಡಲೇಬೇಕಲ್ವಾ? ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಮನಸ್ಸಿನ ಭಾವ, ಮಾತಿನೊಳಗಿನ ತರ್ಕ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆ ದಿನ ಮಾತ್ರ ಕ್ಲಾಸಿನಲ್ಲಿ ಅರ್ಧ ಗಂಟೆ ಜಗಳವೇ ಆಯಿತು. ಕರುಣೆ ಜಾಸ್ತಿ ಸುರಿದರೆ ಅರ್ಜಿ ಹಾಕುವವರ ಘನತೆ ಹೋಗುತ್ತದೆ ಅಂತ ಕೆಲವರು. ಅಧಿಕಾರಿಯ ಮನಸ್ಸು ಕರಗದೆ ಕೆಲಸ ಆಗುವುದಿಲ್ಲ ಅಂತ ಇನ್ನು ಕೆಲವರು. ನಾನು ತೀರ್ಪು ಕೊಡಲಿಲ್ಲ. ಅರ್ಜಿ ಯಾರದೋ ಅವರು ಆಗಲೇ ಕೊಟ್ಟಿದ್ದರು.

ಅರ್ಜಿಗೆ ಉತ್ತರ ಬರಲಿಲ್ಲ. ಆಮೇಲೆ ಮಾಹಿತಿ ಹಕ್ಕಿನ ದಾರಿ ಹಿಡಿದೆವು. ಬರವಣಿಗೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಮಹಾರಾಷ್ಟ್ರದ 2012ರ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. "ನೀರು ಯಾಕೆ ಬಿಡುತ್ತಿಲ್ಲ?" ಅಂತ ಕೇಳಿದರೆ ಪ್ರಯೋಜನವಿಲ್ಲ, ಯಾಕಂದರೆ ಆ ಕಾನೂನಿನಲ್ಲಿ ಸಿಗುವುದು ದಾಖಲೆಯಲ್ಲಿ ಇರುವ ಮಾಹಿತಿ, ಅಧಿಕಾರಿ ಹೊಸದಾಗಿ ಕಾರಣ ಹುಡುಕಿ ಹೇಳಬೇಕಾಗಿಲ್ಲ. ಹಾಗಾಗಿ ಮಕ್ಕಳು ಸಿಟ್ಟಿನ ಪ್ರಶ್ನೆಯನ್ನು ಕಾಗದದ ಪ್ರಶ್ನೆ ಮಾಡಬೇಕಾಯಿತು. ಈ ಗಲ್ಲಿಯ ನಳದ ಕೆಲಸಕ್ಕೆ ಮಂಜೂರಾದ ಹಣ ಎಷ್ಟು, ಕೆಲಸದ ಆದೇಶದ ಪ್ರತಿ ಕೊಡಿ, ಕೆಲಸ ಮುಗಿದಿದೆ ಅಂತ ದಾಖಲಾಗಿದ್ದರೆ ಅದರ ತಾರೀಖು ಕೊಡಿ. 400 ಪದದ ಕರಡು 150ಕ್ಕೆ ಇಳಿಯಲು ಐದು ಸಲ ಬರೆದರು. ಚಿಕ್ಕದಾಗಿ ಬರೆಯಿರಿ ಅಂತ ನಾನು ವರ್ಷವಿಡೀ ಹೇಳಿದರೂ ತಲೆಗೆ ಹತ್ತದ್ದು ಅಲ್ಲಿ ಹತ್ತಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಮರಾಠಿಯಲ್ಲಿ ಮಾಹಿತಿ ಹಕ್ಕನ್ನು ಮಾಹಿತಿ ಅಧಿಕಾರ ಅನ್ನುತ್ತಾರೆ. ಹುಡುಗ ಅದನ್ನೇ ಹಾಗೇ ಕನ್ನಡಕ್ಕೆ ತಂದು ಓದಿದ. ಅಮ್ಮ ಕೇಳಿದರು, "ಅಧಿಕಾರ ಅವರದಲ್ಲೇನೋ? ನಮ್ದು ಎಲ್ಲಿಂದ ಬಂತು?" ಕನ್ನಡದಲ್ಲಿ ಅಧಿಕಾರ ಅಂದರೆ ಕುರ್ಚಿ ಮೇಲಿರುವವರದ್ದು. "ಹಕ್ಕು" ಅಂದ ಕೂಡಲೇ ಅವರಿಗೆ ತಿಳಿಯಿತು, ಮರಾಠಿಯಲ್ಲೂ ಹಕ್ಕ ಅನ್ನುವ ಪದ ಇದೆ. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಇರಬೇಕು, ಅಂದರೆ ಪುಣೆಯಲ್ಲಿ ಕನ್ನಡದ ಅರ್ಜಿ ನಡೆಯುವುದಿಲ್ಲ. ಅದಕ್ಕೇ ಎರಡು ಭಾಷೆಯ ನಡುವೆ ಓಡಾಡುವ ಈ ಕೆಲಸ ಅಲ್ಲಿ ಅಷ್ಟು ಬೇಕಾಗುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರವಣಿಗೆಗೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಅಂತ 2005ರ ಕಾಯ್ದೆಯ 6ನೇ ಕಲಮಿನಲ್ಲಿದೆ. ಅದನ್ನೂ ಮಕ್ಕಳಿಂದ ಓದಿಸಿ.

ಬರವಣಿಗೆ ಅಂದರೆ ಪ್ಯಾರಾಗಳೇ ಆಗಬೇಕಿಲ್ಲ. ಕಟ್ಟಡ ಕಾರ್ಮಿಕರು ತಮಗೆ ಸವಲತ್ತು ಕೊಡುವ ಸರ್ಕಾರಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು, ಕಾನೂನಿನ ಪ್ರಕಾರ, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಪುಣೆಯ ವಾರ್ಜೆಯಂಥ ಕಡೆ ಬೆಳಿಗ್ಗೆ ಮಜೂರ್ ಅಡ್ಡಾದಲ್ಲಿ ನಿಂತು ಕೆಲಸ ಹಿಡಿಯುವವರಿಗೆ ದಿನಕ್ಕೊಬ್ಬ ಗುತ್ತೇದಾರ. 90 ದಿನ ದುಡಿದ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು? ನಮ್ಮ ಮಕ್ಕಳು ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ ಮಾಡಿದರು. ತಾರೀಖು, ಸೈಟು, ಗುತ್ತೇದಾರನ ಫೋನ್ ನಂಬರು, ಕೂಲಿ, ಸಹಿ. ಮೊದಲನೆಯದನ್ನು ಅಡ್ಡಾಕ್ಕೆ ಒಯ್ದು ತೋರಿಸಿದಾಗ ಅದರ ತಲೆಬರಹ ಓದಲು ಹೆಚ್ಚಿನವರಿಗೆ ಆಗಲಿಲ್ಲ. ಎರಡನೆಯದರಲ್ಲಿ ಅಕ್ಷರದ ಬದಲು ಫೋನು, ನೋಟು, ಹೆಬ್ಬೆಟ್ಟಿನ ಚಿತ್ರ ಬಂದವು. ಈ ಪುಸ್ತಕವೇ ಪ್ರಮಾಣಪತ್ರ ಅಲ್ಲ, ಹಾಗೆ ಯಾರಿಗೂ ಹೇಳಬೇಡಿ. ಪ್ರಮಾಣಪತ್ರ ಕೇಳಲು ಹೋದಾಗ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ, ಅಷ್ಟೇ. ಆ ಸಲ ಅತಿ ಜಾಸ್ತಿ ಅಂಕ ನಾನು ಕೊಟ್ಟಿದ್ದು ಅದಕ್ಕೆ.

ಅಂಕದ ವಿಷಯ ನೀವು ಬೇರೆಯಾಗಿ ಕೇಳಿದ್ದೀರಿ. ನೀರು ಬಂತಾ, ಉತ್ತರ ಬಂತಾ ಅಂತ ನೋಡಿ ಅಂಕ ಕೊಡಬೇಡಿ, ಅದು ಮಕ್ಕಳ ಕೈಯಲ್ಲಿಲ್ಲ. ಪ್ರತಿ ಕರಡನ್ನೂ ಇಟ್ಟುಕೊಳ್ಳಲು ಹೇಳಿ. ಓದಿ ಹೇಳಿದ ಮೇಲೆ ಯಾವ ಸಾಲು ಬದಲಾಯಿತು, ಯಾರು ಹೇಳಿದ್ದಕ್ಕೆ, ಅಂತ ಒಂದು ಪುಟ ಬರೆಸಿ. ನಾನು ಒಟ್ಟು ಅಂಕದಲ್ಲಿ ಅರ್ಧ ಆ ಪುಟಕ್ಕೇ ಇಡುತ್ತೇನೆ. ಆಧಾರ್ ನಂಬರು, ಮುಖದ ಫೋಟೋ ಯಾವ ಅಸೈನ್‌ಮೆಂಟಿನಲ್ಲೂ ಇರಬಾರದು, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸೂಚಿಸಿದ ಸಮುದಾಯ ಕೋರ್ಸಿಗೆ 2 ಕ್ರೆಡಿಟ್, 30 ಗಂಟೆ, ಅದರಲ್ಲಿ ಅರ್ಧವಾದರೂ ಹೊರಗಿನ ಕೆಲಸ. ಎನ್‌ಎಸ್‌ಎಸ್‌ನ ಎರಡು ವರ್ಷದ 240 ಗಂಟೆಯ ಮುಂದೆ ಇದು ತೀರಾ ಕಡಿಮೆ. ಹಾಗಾಗಿ ಒಂದು ವಸ್ತಿ, ಒಂದೆರಡು ಕೆಲಸ, ಅದಕ್ಕಿಂತ ಜಾಸ್ತಿ ಹಚ್ಚಿಕೊಳ್ಳಬೇಡಿ.

ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಗಡುವು, ಬರದಿದ್ದರೆ ಮೇಲ್ಮನವಿಗೆ ಮತ್ತೆ ದಿನ ಹಿಡಿಯುತ್ತದೆ. ಅರ್ಜಿ ಐದಾರನೇ ವಾರದೊಳಗೆ ಹೋಗದಿದ್ದರೆ ಉತ್ತರ ಬರುವಾಗ ನಿಮ್ಮ ಮಕ್ಕಳು ಪರೀಕ್ಷೆಯಲ್ಲಿರುತ್ತಾರೆ, ಅದನ್ನು ಓದಿ ಹೇಳಲು ಯಾರೂ ಇರುವುದಿಲ್ಲ. ಕ್ಲಾಸು ಜುಲೈಯಲ್ಲಿ ಶುರುವಾಗುವುದಾದರೆ ಜೂನ್‌ನಲ್ಲೇ ನೀವೊಬ್ಬರೇ ಎರಡು ಮೂರು ಸಲ ಹೋಗಿ ಬನ್ನಿ. ಸಂಜೆ 7ರ ಮೇಲೆ ಹೋಗಿ, ಹಗಲಲ್ಲಿ ಎಲ್ಲರೂ ಕೆಲಸದಲ್ಲಿರುತ್ತಾರೆ.