‘ದೇವರ ಸಮಯಕ್ಕೆ ಕಾಯಿರಿ’ ಅನ್ನುತ್ತಾರೆ, ಕಾಯುವುದು ಹೇಗೆ?

ಮದುವೆಯಾಗಿ ಆರು ವರ್ಷವಾದರೂ ಮಗುವಾಗಿಲ್ಲ, ಚರ್ಚಿನ ಸಭೆಯಲ್ಲಿ ಎಲ್ಲರೂ ‘ದೇವರ ಸಮಯಕ್ಕೆ ಕಾಯಿರಿ’ ಅನ್ನುತ್ತಾರೆ, ಆ ಸಮಯವನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಹನ್ನೊಂದು ವರ್ಷ ಇದೇ ಪ್ರಶ್ನೆ ಹೊತ್ತು ತಿರುಗಿದವಳು. ನಮಗೆ ಮಕ್ಕಳಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಪ್ರಶ್ನೆಗೆ ಉತ್ತರ ಕೊಡುವವರು ಹೆಚ್ಚಾಗಿ ಕೊನೆಗೆ ಮಡಿಲು ತುಂಬಿದವರೇ ಆಗಿರುತ್ತಾರೆ.

ನಿಮಗೂ ಬೈಬಲಿನ ಸಾರಳ ಕಥೆ ಹೇಳಿರುತ್ತಾರೆ: ಗಂಡ ಅಬ್ರಾಮನಿಗೆ (ಮುಂದೆ ಅಬ್ರಹಾಮ ಎನಿಸಿಕೊಂಡವನು) ದೇವರು ಮಗು ಕೊಡುತ್ತೇನೆಂದು ಮಾತು ಕೊಟ್ಟಿದ್ದ, ಮಗುವಾಗದೆ ಸಾರಳು ತನ್ನ ದಾಸಿ ಹಾಗರಳನ್ನು ಗಂಡನಿಗೆ ಒಪ್ಪಿಸಿದಳು, ಕೊನೆಗೆ ಮುದಿತನದಲ್ಲಿ ತಾನೇ ಮಗನನ್ನು ಹೆತ್ತಳು. ನನಗಂತೂ ಕೇಳಿ ಕೇಳಿ ಸಾಕಾಗಿತ್ತು. ಒಮ್ಮೆ ಸ್ಕ್ಯಾನಿಂಗ್‌ಗೆ ಕಾಯುತ್ತ ಕೂತಿದ್ದಾಗ ಮೊಬೈಲಿನಲ್ಲಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡ ತೆರೆದೆ. 16ನೇ ಅಧ್ಯಾಯದ ಕೊನೆಯ ವಚನದಲ್ಲಿ, ಹಾಗರಳಿಗೆ ಇಷ್ಮಾಯೇಲ ಹುಟ್ಟಿದಾಗ, ಅಬ್ರಾಮನಿಗೆ 86 ವರ್ಷ. 17ನೇ ಅಧ್ಯಾಯದ ಮೊದಲ ವಚನದಲ್ಲಿ 99. ನಡುವಿನ 13 ವರ್ಷಗಳಲ್ಲಿ ದೇವರು ಮಾತಾಡಿದನೆಂದು ಒಂದು ಸಾಲೂ ಇಲ್ಲ. ಓದುವವರು ಒಂದು ಬೆರಳಲ್ಲಿ ಸರಿಸಿ ಮುಂದೆ ಹೋಗುತ್ತೇವೆ. ಸಾರಳು ಮಾತ್ರ ಅಷ್ಟೂ ದಿನಗಳನ್ನು ಕಳೆಯಬೇಕಿತ್ತು, ಗುಡಾರದ ಸುತ್ತ ಇನ್ನೊಬ್ಬಳ ಮಗ ಬೆಳೆಯುವುದನ್ನು ನೋಡುತ್ತ.

ದೇವರು ಮತ್ತೆ ಮಾತು ಕೊಟ್ಟಾಗ ಏನಾಯಿತು ನೋಡಿ. ಸಾರಳು ನಕ್ಕಳೆಂದು ಎಲ್ಲರೂ ಹೇಳುತ್ತಾರೆ. ಅವಳಿಗಿಂತ ಮೊದಲು ನಕ್ಕವನು ಅಬ್ರಹಾಮ! ಅಡ್ಡಬಿದ್ದಲ್ಲೇ ನಕ್ಕ, ನೂರು ವರ್ಷದವನಿಗೆ ಮಗು ಹುಟ್ಟೀತೇ ಎಂದು. ನಂಬುವವರಿಗೆಲ್ಲ ತಂದೆ ಎನಿಸಿಕೊಂಡವನೇ ಹೀಗೆ. ದೇವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಗನಿಗೆ ಇಸಾಕನೆಂದು ಹೆಸರಿಡು ಅಂದನು. ‘ನಗುತ್ತಾನೆ’ ಎಂದು ಆ ಹೆಸರಿನ ಅರ್ಥ. ಅದನ್ನು ಓದಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ಅತ್ತುಬಿಟ್ಟೆ. ನನ್ನ ನಂಬಿಕೆ ಸಾಲದ್ದಕ್ಕೇ ಮಗುವಾಗುತ್ತಿಲ್ಲ ಎಂದು ಅಷ್ಟು ವರ್ಷ ಕೊರಗಿದ್ದೆ.

ಮಗು ಕೊಡುತ್ತೇನೆಂಬ ಮಾತನ್ನು ದೇವರು ಕೊಟ್ಟದ್ದು ಅಬ್ರಹಾಮನಿಗೆ. ನನಗೆ ಕೊಟ್ಟಿರುವುದು ಯುಗದ ಸಮಾಪ್ತಿಯವರೆಗೂ ಸಂಗಡ ಇರುತ್ತೇನೆಂಬ ಯೇಸುವಿನ ಮಾತು. ಇವೆರಡನ್ನು ಬೇರೆಬೇರೆಯಾಗಿ ನೋಡಲು ನನಗೆ ತುಂಬ ಕಾಲ ಹಿಡಿಯಿತು. ಅಲ್ಲಿಯವರೆಗೆ ಕ್ಯಾಲೆಂಡರನ್ನೇ ನಂಬಿದ್ದೆ, ಆತನನ್ನಲ್ಲ. ಬೈಬಲಿನ 13ನೇ ಕೀರ್ತನೆ ಓದಿ. ಮೊದಲ ಎರಡೇ ವಚನಗಳಲ್ಲಿ ದಾವೀದ ‘ಎಷ್ಟರ ತನಕ’ ಎಂದು ನಾಲ್ಕು ಸಲ ಕೇಳುತ್ತಾನೆ. ಪ್ರಾರ್ಥನೆಗೆ ಬೇರೆ ಮಾತೇ ಬಾರದ ರಾತ್ರಿಗಳಲ್ಲಿ ಅಷ್ಟನ್ನೇ ಓದಿ ಮಲಗುತ್ತಿದ್ದೆ.

ಚಿಕಿತ್ಸೆ ತೆಗೆದುಕೊಂಡರೆ ಹಾಗರಳ ವಿಷಯದಲ್ಲಿ ಆದ ಹಾಗೆ ಅವಸರ ಮಾಡಿದಂತೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅಲ್ಲಿ ನಡೆದದ್ದು ಒಬ್ಬ ದಾಸಿಗೆ ಆದ ಅನ್ಯಾಯ. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ.

ಶಿಶು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಇರುವ ಭಾನುವಾರ ಒಳಗೆ ಕೂರಲಾಗದಿದ್ದರೆ ಎದ್ದು ಹೊರಗೆ ಹೋಗಿ. ನಾನು ಹೋಗುತ್ತಿದ್ದೆ. ಒಮ್ಮೆ ನಮ್ಮ ಸಭೆಯ ಅಜ್ಜಿಯೊಬ್ಬರು ಹಿಂದೆಯೇ ಬಂದರು. ಒಂದು ವಚನವನ್ನೂ ಹೇಳಲಿಲ್ಲ. ಒಳಗೆ ಹಾಡು ಮುಗಿಯುವವರೆಗೆ ನನ್ನ ಕೈ ಹಿಡಿದುಕೊಂಡು ಗೋಡೆಯ ನೆರಳಿನಲ್ಲಿ ನಿಂತಿದ್ದರು.