ಕೊಡಗಿನ ಮನೆಯಂಗಳದಲ್ಲಿ ಹೈಬ್ರಿಡ್ ಮಕಾಡಾಮಿಯಾ ಬೆಳೆಯಬಹುದೇ?

ಸೋಮವಾರಪೇಟೆ ಕಡೆ ಹೊಸ ಮನೆ ಕಟ್ಟಿದ್ದೀರಿ; ನೆರಳಿಗೂ ಆಗಬೇಕು, ತಿನ್ನಲು ಕಾಯಿಯೂ ಸಿಗಬೇಕು, ಗಟ್ಟಿ ಚಿಪ್ಪಿನೊಳಗೆ ತಿನ್ನುವ ತಿರುಳಿರುವ ಕಾಯಿ ಬಿಡುವ ಹೈಬ್ರಿಡ್ ಮಕಾಡಾಮಿಯಾ ಮರ ಬಂದೀತೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತಿರುವ ಸಿಲ್ವರ್ ಓಕ್ ಅದರದೇ ಕುಟುಂಬದ ಮರ. ಎರಡರ ತವರೂ ಪೂರ್ವ ಆಸ್ಟ್ರೇಲಿಯಾ.

ಗೊಬ್ಬರದ ವಿಷಯದಲ್ಲಿ ಮಾತ್ರ ಬಹಳ ಎಚ್ಚರವಿರಲಿ. ನಾನು ಎಡವಿದ್ದು ಅಲ್ಲೇ. ಕಾಫಿಗೆ ಹಾಕಿ ಉಳಿದ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಮಿಶ್ರಣವನ್ನು ಮೂರು ವರ್ಷದ ಮಕಾಡಾಮಿಯಾ ಗಿಡದ ಬುಡಕ್ಕೂ ಧಾರಾಳವಾಗಿ ಹಾಕಿದೆ. ಆಮೇಲೆ ಬಂದ ಚಿಗುರೆಲ್ಲ ಹಳದಿ, ನರಗಳಷ್ಟೇ ಹಸಿರು. ತರಗೆಲೆ ಸರಿಸಿ ನೋಡಿದೆ: ಮಣ್ಣಿನ ಮೇಲ್ಪದರದಲ್ಲೇ, ಬಾಟಲಿ ತೊಳೆಯುವ ಬ್ರಷ್ಷಿನಂತೆ ಒತ್ತೊತ್ತಾದ ಸಣ್ಣ ಬೇರುಗಳ ಗೊಂಚಲು. ಬಡ ಮಣ್ಣಿನಿಂದಲೂ ರಂಜಕವನ್ನು ಹೀರಿ ತೆಗೆಯುವ ಬೇರುಗಳವು. ಅವುಗಳ ಮೇಲೆ ರಂಜಕವನ್ನೇ ಸುರಿದರೆ ಮರಕ್ಕೆ ಕಬ್ಬಿಣಾಂಶ ದಕ್ಕದೆ ಸೊರಗುತ್ತದೆ. ಈಗ ತರಗೆಲೆಯ ಹೊದಿಕೆ ಬಿಟ್ಟರೆ ಹೆಚ್ಚೇನೂ ಕೊಡುವುದಿಲ್ಲ. ಬುಡದಲ್ಲಿ ಅಗತೆಯನ್ನೂ ಮಾಡಿಸುವುದಿಲ್ಲ.

ಬೇರು ಮೇಲೇ ಇರುವುದರಿಂದ ಮುಂಗಾರಿನ ಗಾಳಿಗೆ ಮರ ಬುಡಸಮೇತ ಉರುಳಬಹುದು. ದಿಣ್ಣೆಯ ನೆತ್ತಿ ಬೇಡ. ಗಾಳಿ ಮರೆಯಾಗುವ, ನೀರು ನಿಲ್ಲದ ಇಳಿಜಾರು ನೋಡಿ, ಮನೆಯಿಂದ ಇಪ್ಪತ್ತೈದು ಅಡಿಯಾದರೂ ದೂರದಲ್ಲಿ ನೆಡಿ.

ಸಸಿ ಕಸಿಯದ್ದೇ ಆಗಿರಲಿ. ಹೈಬ್ರಿಡ್ ಮರದ ಬೀಜ ಹಾಕಿದರೆ ತಾಯಿಯ ಗುಣವೇ ಬರುವ ಭರವಸೆಯಿಲ್ಲ. ನೆಂಟರ ಮನೆಯಿಂದ ಒಂದೇ ಮರದ ಕಾಯಿ ತಂದು ನಾನು ಎಬ್ಬಿಸಿದ ಎರಡು ಸಸಿಗಳಲ್ಲಿ ಒಂದರ ಎಲೆಯಂಚು ನಯ, ಇನ್ನೊಂದರದ್ದು ಮುಳ್ಳು. ಫಸಲಿಗೂ ಹಲವು ವರ್ಷ ಹೆಚ್ಚು ಕಾಯಬೇಕು. ಅಂಗಳಕ್ಕೆ ನನ್ನ ಆಯ್ಕೆ ಬ್ಯೂಮಾಂಟ್. ಇಂಟಿಗ್ರಿಫೋಲಿಯಾ, ಟೆಟ್ರಾಫಿಲ್ಲಾ ಎಂಬ ಎರಡು ಜಾತಿಗಳು ಕೂಡಿ ಹುಟ್ಟಿದ ತಳಿಯದು. ಗುಲಾಬಿ ಹೂವಿನ ಜೋಲು ಗೊಂಚಲು ಕಣ್ಣಿಗೆ ಹಬ್ಬ. ಬಲಿತ ಕಾಯಿ ಬೇಗ ಉದುರುವುದಿಲ್ಲವಾದ್ದರಿಂದ ಹುಲ್ಲಿನಲ್ಲಿ ಹುಡುಕುವ ಕೆಲಸ ಕಡಿಮೆ, ಕೈಯಲ್ಲೇ ಕೀಳಬಹುದು. ಜೊತೆಗೆ ಬೇರೊಂದು ತಳಿಯೂ ಇದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ತುಡುವೆ ಜೇನಿನ ಪೆಟ್ಟಿಗೆ ಇದ್ದರಂತೂ ಇನ್ನೂ ಒಳ್ಳೆಯದು. ಕೊಳ್ಳುವ ಮೊದಲು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಕಾಯಿಯ ಹಸಿರು ಸಿಪ್ಪೆ ಸುಲಿದು ಎರಡು ಮೂರು ವಾರ ನೆರಳಿನಲ್ಲಿ ಒಣಗಿಸಿ. ಒಳಗಿನ ತಿರುಳು ಕುಗ್ಗಿ, ಅಲುಗಾಡಿಸಿದರೆ ಸದ್ದಾಗುತ್ತದೆ. ಆಗ ಒಡೆದರೆ ಇಡಿಯಾಗಿ ಸಿಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಒಡೆದ ಚೂರುಗಳನ್ನು ತಕ್ಷಣ ಗುಡಿಸಿಬಿಡಿ. ಮನುಷ್ಯರಿಗೆ ಇಷ್ಟು ರುಚಿಯಾದ ಇದು ನಾಯಿಗೆ ವಿಷ: ಹಿಂಗಾಲು ಸೋತು, ನಡುಗುತ್ತಾ ಮಲಗಿಬಿಡುತ್ತದೆ.